ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ನಾಲ್ಕೈದು ಸೆಕೆಂಡಿಗೆ ಎಲ್ಲವೂ ನಿಲ್ಲುತ್ತದೆ. ಮದರ್‌ಬೋರ್ಡ್ ಹೋಗಿದೆಯೇ?

ನೀಲಿಶಾಯಿ:
ಬಿಡಿಭಾಗ ತಂದು ಜೋಡಿಸಿದ ಡೆಸ್ಕ್‌ಟಾಪ್, ಎಂಟು ವರ್ಷ ಹಳೆಯದು. ಮೂರು ದಿನದಿಂದ ಕೈಕೊಟ್ಟಿದೆ. ಗುಂಡಿ ಒತ್ತಿದರೆ ದೀಪ ಹೊತ್ತಿಕೊಳ್ಳುತ್ತದೆ, ಪ್ರೊಸೆಸರ್ ಮೇಲಿನ ಫ್ಯಾನೂ ಹಿಂಬದಿಯ ಫ್ಯಾನೂ ತಿರುಗುತ್ತವೆ. ಇನ್ನೇನು ಪರದೆಯಲ್ಲಿ ಏನಾದರೂ ಕಾಣಿಸುತ್ತದೆ ಅನ್ನುವಷ್ಟರಲ್ಲಿ ಎಲ್ಲವೂ ಒಮ್ಮೆಲೇ ಸ್ತಬ್ಧ. ಆಮೇಲೆ ಎಷ್ಟು ಒತ್ತಿದರೂ ಮಿಸುಕುವುದಿಲ್ಲ. ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಅದೇ ಕಥೆ. ಹೋದ ವಾರ ಎರಡು ಸಲ ಹೀಗೇ ಆಗಿ, ಮರುಪ್ರಯತ್ನದಲ್ಲಿ ಸರಿಹೋಗಿತ್ತು. ಈಗ ಪೂರ್ತಿ ಮಲಗಿಬಿಟ್ಟಿದೆ.

ದುರಸ್ತಿಯವರು ಬಂದು ಎರಡು ನಿಮಿಷ ನೋಡಿ, "ಬೋರ್ಡ್ ಹೋಗಿದೆ. ಇಷ್ಟು ಹಳೆಯ ಬೋರ್ಡ್ ಈಗ ಸಿಗುವುದಿಲ್ಲ, ಪ್ರೊಸೆಸರ್, ರ್‍ಯಾಮ್ ಎಲ್ಲವನ್ನೂ ಸೇರಿಸಿ ಬದಲಾಯಿಸಬೇಕು" ಎಂದು ಹೇಳಿ ಹೋದರು. ಅದರ ಹಾರ್ಡ್ ಡಿಸ್ಕ್‌ನಲ್ಲಿ ನನ್ನ ತಂದೆಯ ದಿನಚರಿಯ ಸ್ಕ್ಯಾನ್‌ಗಳಿವೆ, ಸಾವಿರದ ನಾನೂರು ಪುಟ. ಬೇರೆ ಪ್ರತಿ ಇಲ್ಲ. ಮೂಲ ಪುಸ್ತಕಗಳಲ್ಲಿ ಅರ್ಧಕ್ಕೆ ಗೆದ್ದಲು ಹಿಡಿದಿದೆ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ರಾತ್ರಿಪಾಳಿ:
ಎಸ್‌ಎಂಪಿಎಸ್, ಅಂದರೆ ಯಂತ್ರಕ್ಕೆ ವಿದ್ಯುತ್ ಪೂರೈಸುವ ಪೆಟ್ಟಿಗೆ, ಹೋಗಿದೆ. ಬದಲಾಯಿಸಿ, ಸರಿಹೋಗುತ್ತದೆ.

ಹಳೆಬೆಸುಗೆ:
ರಾತ್ರಿಪಾಳಿಯವರೇ, ಅಳೆದು ನೋಡದೆ ಅದು ಹೇಗೆ ಹೇಳಿದಿರಿ? ಅವರ ಮನೆಗೆ ಬಂದವರು ಅಳೆಯದೆ ಬೋರ್ಡ್ ಎಂದರು, ನೀವು ಅಳೆಯದೆ ಎಸ್‌ಎಂಪಿಎಸ್ ಅನ್ನುತ್ತಿದ್ದೀರಿ. ಹೊಸದು ತಂದು ಹಾಕಿದ ಮೇಲೂ ಹೀಗೇ ಇದ್ದರೆ ಆ ದುಡ್ಡಿಗೆ ಯಾರು ಹೊಣೆ?

ನೀಲಿಶಾಯಿಯವರೇ, ಮೊದಲು ಡಿಸ್ಕ್ ವಿಷಯ, ಏಕೆಂದರೆ ನಿಮ್ಮ ಜೀವ ಇರುವುದು ಅಲ್ಲಿ. ಬೋರ್ಡ್ ಕೆಟ್ಟರೆ ಡಿಸ್ಕ್ ಕೆಟ್ಟಿದೆ ಎಂದು ಅರ್ಥವಲ್ಲ. ಯಂತ್ರ ಏಳದಿದ್ದರೂ ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಯುಎಸ್‌ಬಿ ಅಡಾಪ್ಟರ್ ಮೂಲಕ ಜೋಡಿಸಿ ಕಡತಗಳನ್ನು ತೆಗೆದುಕೊಳ್ಳಬಹುದು. ಮೂರೂವರೆ ಇಂಚಿನ ದೊಡ್ಡ ಡಿಸ್ಕ್ ಆಗಿದ್ದರೆ ಅದಕ್ಕೆ 12 ವೋಲ್ಟ್ ಬೇಕು, ಯುಎಸ್‌ಬಿ ತಂತಿಯೊಂದರಿಂದಲೇ ಅದು ತಿರುಗುವುದಿಲ್ಲ. ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಜೊತೆಗೆ ಬರುವಂಥದ್ದನ್ನೇ ಎರವಲು ತನ್ನಿ. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್‌ನ ಗೂಢಲಿಪಿ ಬೀಗ) ಹಾಕಿದ್ದರೆ 48 ಅಂಕಿಗಳ ಮರುಪಡೆಯುವ ಕೀಲಿ ಎಲ್ಲಿದೆ ಎಂದು ಈಗಲೇ ಹುಡುಕಿಟ್ಟುಕೊಳ್ಳಿ.

ಇನ್ನು ಎಸ್‌ಎಂಪಿಎಸ್. ಮಲ್ಟಿಮೀಟರ್ ಇದ್ದರೆ, ಯಂತ್ರ ಆರಿರುವಾಗ ಗೋಡೆಯ ಸ್ವಿಚ್ ಹಾಕಿ 24 ಪಿನ್ ಕನೆಕ್ಟರಿನ ನೇರಳೆ ತಂತಿಯನ್ನು ನೋಡಿ, 4.75 ರಿಂದ 5.25 ವೋಲ್ಟ್ ಒಳಗೆ ಇರಬೇಕು. ಫ್ಯಾನ್ ತಿರುಗುವ ಆ ನಾಲ್ಕು ಸೆಕೆಂಡಿನಲ್ಲಿ ಹಳದಿ ತಂತಿಯನ್ನು ನೋಡಿ, 11.4 ರಿಂದ 12.6. ಅದರೊಳಗೆ ಬಂದರೆ ಎಸ್‌ಎಂಪಿಎಸ್ ಮೇಲಿನ ಅನುಮಾನ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಆ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ವಿದ್ಯುತ್ ಕೂಡಿಡುವ ಕೆಪ್ಯಾಸಿಟರಿನಲ್ಲಿ ಮುನ್ನೂರು ವೋಲ್ಟಿಗೂ ಮೇಲೆ ಉಳಿದಿರಬಹುದು.

ಕಡಲಹಕ್ಕಿ:
ರ್‍ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ ಹಾಕಿ. ಬೋರ್ಡಿನ ಗುಂಡು ಬ್ಯಾಟರಿಯನ್ನು ಹತ್ತು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ನಾನು ನೋಡಿದ ಹತ್ತರಲ್ಲಿ ಎಂಟು ಯಂತ್ರ ಇಷ್ಟಕ್ಕೇ ಎದ್ದಿವೆ.

ಹಳೆಬೆಸುಗೆ:
ರ್‍ಯಾಮ್ ಕಿತ್ತು ಹಾಕುವುದು ಸರಿ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ರಬ್ಬರ್ ಬೇಡ. ಆ ಅಂಚಿನ ಚಿನ್ನದ ಲೇಪ ಬಹಳ ತೆಳು, ಗಟ್ಟಿ ರಬ್ಬರಿನಿಂದ ಉಜ್ಜಿದರೆ ಸವೆಯುತ್ತದೆ. ಉದುರಿದ ಪುಡಿ ಸ್ಲಾಟ್ ಒಳಗೆ ಕೂತರೆ ಇನ್ನೊಂದು ತೊಂದರೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ನಯವಾದ ಬಟ್ಟೆಯಿಂದ ಒರೆಸಿದರೆ ಸಾಕು.

ಕಡಲಹಕ್ಕಿ:
ಹದಿನೈದು ವರ್ಷದಿಂದ ಮೆತ್ತನೆಯ ಬಿಳಿ ರಬ್ಬರನ್ನೇ ಬಳಸುತ್ತಿದ್ದೇನೆ. ಒಂದು ರ್‍ಯಾಮೂ ಸತ್ತಿಲ್ಲ. ಎಲ್ಲರ ಮನೆಯಲ್ಲೂ ಐಸೊಪ್ರೊಪೈಲ್ ಇರುವುದಿಲ್ಲ, ರಬ್ಬರ್ ಇರುತ್ತದೆ.

ಮೂರನೆಯಸ್ಲಾಟ್:
ಇಬ್ಬರೂ ಒರೆಸುವುದನ್ನೇ ಹೇಳುತ್ತಿದ್ದೀರಿ. ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ಗುಣ ಬರುವುದು ಕಿತ್ತು ಮತ್ತೆ ಕೂರಿಸುವುದರಿಂದಲೇ, ಸಂಪರ್ಕ ಹೊಸದಾಗಿ ಕಚ್ಚಿಕೊಳ್ಳುತ್ತದೆ. ಎರಡು ಕಡ್ಡಿ ಇದ್ದರೆ ಒಂದನ್ನು ಹೊರಗಿಟ್ಟು ಇನ್ನೊಂದರಿಂದ ಎಬ್ಬಿಸಿ ನೋಡಿ, ಆಮೇಲೆ ಅದಲುಬದಲು ಮಾಡಿ. ಕೂರಿಸುವಾಗ ಬದಿಯ ಕೊಂಡಿ ಟಕ್ ಎಂದು ತಾನಾಗಿ ಮುಚ್ಚಿಕೊಳ್ಳಬೇಕು. ನಾವು ಬೆರಳಿನಿಂದ ಮುಚ್ಚುವಂತಾದರೆ ಕಡ್ಡಿ ಪೂರ್ತಿ ಇಳಿದಿಲ್ಲ ಎಂದೇ ತಿಳಿಯಿರಿ.

ತಿರುಪುಳಿ:
ದಯವಿಟ್ಟು ಏನನ್ನೂ ಕೀಳುವ ಮೊದಲು ಒಂದು ಕೆಲಸ ಮಾಡಿ. ಗಡಿಯಾರ ಹಿಡಿದು, ಫ್ಯಾನ್ ತಿರುಗಲು ಶುರುವಾದಾಗಿನಿಂದ ನಿಲ್ಲುವವರೆಗೆ ಎಷ್ಟು ಸೆಕೆಂಡ್ ಎಂದು ಐದು ಸಲ ಎಣಿಸಿ. ಪ್ರತಿ ಸಲವೂ ಒಂದೇ ಸಂಖ್ಯೆ ಬರುತ್ತದೆಯೇ? ಇನ್ನೊಂದು: ಗೋಡೆಯ ಸ್ವಿಚ್ ಆರಿಸಿ ಹಾಕಿದಾಗ ನೀವು ಗುಂಡಿ ಒತ್ತಿದ ಮೇಲೆ ಏಳುತ್ತದೆಯೋ, ಒತ್ತದೆಯೇ ಏಳುತ್ತದೆಯೋ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ದಾರಿ ಸಾಗಿದಂತೆ.

ನೀಲಿಶಾಯಿ:
ಎಲ್ಲರಿಗೂ ಧನ್ಯವಾದ. ತಿರುಪುಳಿಯವರ ಮಾತು ಓದುವ ಮೊದಲೇ ರ್‍ಯಾಮ್ ಕಿತ್ತು ಹಾಕಿದೆ, ಬ್ಯಾಟರಿಯನ್ನೂ ತೆಗೆದು ಹಾಕಿದೆ. ಏನೂ ಬದಲಾಗಲಿಲ್ಲ.

ಈಗ ಎಣಿಸಿದೆ. ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಐದು ಸಲವೂ ನಾಲ್ಕು ಸೆಕೆಂಡ್ ದಾಟಿ ಐದಕ್ಕೆ ಮೊದಲೇ ನಿಂತಿತು. ಅಚ್ಚರಿಯೆಂದರೆ ನಿಮ್ಮ ಎರಡನೆಯ ಪ್ರಶ್ನೆ. ಇದುವರೆಗೆ ನಾನು ಒಂದು ಕೈಯಲ್ಲಿ ಗೋಡೆಯ ಸ್ವಿಚ್ ಹಾಕುತ್ತಲೇ ಇನ್ನೊಂದು ಕೈಯಲ್ಲಿ ಗುಂಡಿ ಒತ್ತುತ್ತಿದ್ದೆ, ಹಾಗಾಗಿ ಗೊತ್ತಾಗಿರಲಿಲ್ಲ. ಈಗ ಕೈ ಕಟ್ಟಿಕೊಂಡು ನಿಂತು ಸ್ವಿಚ್ ಹಾಕಿ ನೋಡಿದರೆ ಗುಂಡಿ ಮುಟ್ಟದೆಯೇ ತಾನಾಗಿ ಎದ್ದಿತು!

ತಿರುಪುಳಿ:
ಹಾಗಾದರೆ ಬೋರ್ಡನ್ನು ಬೈಯುವ ಮೊದಲು ಕ್ಯಾಬಿನೆಟ್ಟಿನ ಗುಂಡಿಯನ್ನು ನೋಡಿ. ನನ್ನ ಅನುಮಾನ ಪೂರ್ತಿ ಅದರ ಮೇಲೆ.

ಕಾರಣ ಹೇಳುತ್ತೇನೆ. ಕಂಪ್ಯೂಟರ್ ಹೆಪ್ಪುಗಟ್ಟಿ ನಿಂತಾಗ ನಾವೆಲ್ಲ ಏನು ಮಾಡುತ್ತೇವೆ? ಪವರ್ ಗುಂಡಿಯನ್ನು ಒತ್ತಿ ಹಿಡಿಯುತ್ತೇವೆ, ನಾಲ್ಕು ಸೆಕೆಂಡ್ ದಾಟಿದೊಡನೆ ಯಂತ್ರ ಆರುತ್ತದೆ. 1996ರಲ್ಲಿ ಬಂದ ಎಸಿಪಿಐ ಎಂಬ ವಿದ್ಯುತ್ ನಿರ್ವಹಣೆಯ ಮಾನದಂಡದ ಕಾಲದಿಂದಲೂ ಇರುವ ವ್ಯವಸ್ಥೆ ಅದು. ಆ ಎಣಿಕೆ ವಿಂಡೋಸ್ ಮಾಡುವುದಲ್ಲ, ಬೋರ್ಡಿನ ಚಿಪ್‌ಸೆಟ್ಟೇ ಮಾಡುತ್ತದೆ. ಹಾಗಾಗಿ ಪರದೆಯಲ್ಲಿ ಏನೂ ಬಾರದ ಹೊತ್ತಿನಲ್ಲೂ ಅದು ನಡೆಯುತ್ತದೆ. ಈಗ ಯೋಚಿಸಿ: ನೀವು ಒತ್ತಿದ ಗುಂಡಿ ಒಳಗೇ ಸಿಕ್ಕಿಕೊಂಡು ಹಿಂದಕ್ಕೆ ಬರಲಿಲ್ಲ. ಬೋರ್ಡಿನ ಲೆಕ್ಕದಲ್ಲಿ ನೀವಿನ್ನೂ ಒತ್ತಿಕೊಂಡೇ ಇದ್ದೀರಿ. ಎದ್ದಿತು, ನಾಲ್ಕು ಸೆಕೆಂಡ್ ಎಣಿಸಿತು, ಆರಿತು. ಆಮೇಲೆ ಮತ್ತೆ ಒತ್ತಿದರೆ ಏಕೆ ಏಳುವುದಿಲ್ಲ? ಈಗಾಗಲೇ ಒತ್ತಿರುವುದನ್ನು ಮತ್ತೆ ಒತ್ತುವುದು ಹೇಗೆ? ಗೋಡೆಯ ಸ್ವಿಚ್ ಆರಿಸಿ ಹಾಕಿದರೆ ಮಾತ್ರ ಬೋರ್ಡಿಗೆ ಅದು ಹೊಸ ಒತ್ತುವಿಕೆಯಂತೆ ಕಾಣುತ್ತದೆ, ತಾನಾಗಿ ಏಳುತ್ತದೆ. ಎಲ್ಲ ಬೋರ್ಡುಗಳೂ ಹೀಗೆ ಏಳುವುದಿಲ್ಲ, ನಿಮ್ಮದು ಏಳುತ್ತಿರುವುದು ನಮ್ಮ ಭಾಗ್ಯ.

ಪರೀಕ್ಷೆ ಸುಲಭ. ಬೋರ್ಡಿನ ಕೆಳಗಿನ ಬಲ ಮೂಲೆಯ ಹತ್ತಿರ ಸಣ್ಣ ಪಿನ್ನುಗಳ ಎರಡು ಸಾಲು ಇರುತ್ತದೆ, ಕ್ಯಾಬಿನೆಟ್ ಮುಂಭಾಗದಿಂದ ಬರುವ ತೆಳು ತಂತಿಗಳು ಅಲ್ಲಿಗೆ ಸೇರುತ್ತವೆ. ಮೊದಲು ಒಂದು ಫೋಟೊ ತೆಗೆದುಕೊಳ್ಳಿ. ಆಮೇಲೆ "ಪವರ್ ಎಸ್‌ಡಬ್ಲ್ಯು" ಎಂದು ಬರೆದಿರುವ ಎರಡು ತಂತಿಯ ಕನೆಕ್ಟರನ್ನು ಮಾತ್ರ ಕಿತ್ತುಬಿಡಿ. ಗೋಡೆಯ ಸ್ವಿಚ್ ಹಾಕಿ. ಈಗ ತಾನಾಗಿ ಏಳಬಾರದು. ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಅರೆಕ್ಷಣ ಒಟ್ಟಿಗೆ ತಾಗಿಸಿ ಬಿಡಿ. ಅಲ್ಲಿ ಇರುವುದು ಐದು ವೋಲ್ಟಿಗೂ ಮೀರದ ಸಣ್ಣ ಸಂಕೇತ, ಹೆದರಬೇಡಿ. ಪಕ್ಕದ ಪಿನ್ನಿಗೆ ಜಾರದಂತೆ ನೋಡಿಕೊಂಡರಾಯಿತು.

ರಾತ್ರಿಪಾಳಿ:
ಅಷ್ಟು ಖಚಿತವಾಗಿ ಹೇಳಬೇಡಿ. ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ತುಂಡು) ಸಡಿಲವಾಗಿದ್ದರೂ ಕೆಲವೇ ಸೆಕೆಂಡಿನಲ್ಲಿ ಬಿಸಿಯಾಗಿ ಆರಿಹೋಗುತ್ತದೆ. ಪ್ಲಾಸ್ಟಿಕ್ ಕಾಲುಗಳ ಕೂಲರ್ ಆಗಿದ್ದರೆ ನಾಲ್ಕರಲ್ಲಿ ಒಂದು ಕಾಲು ಮೇಲೆದ್ದಿರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಎಂಟು ವರ್ಷದಲ್ಲಿ ನಡುವೆ ಹಚ್ಚಿದ ಶಾಖ ದಾಟಿಸುವ ಪೇಸ್ಟ್ ಒಣಗಿ ಸುಣ್ಣವಾಗಿರುತ್ತದೆ.

ಹಳೆಬೆಸುಗೆ:
ಸಾಧ್ಯ. ಆದರೆ ಬಿಸಿಯಿಂದ ಆರುವುದಾದರೆ ಹೊತ್ತು ಒಂದೇ ಸಮ ಇರುವುದಿಲ್ಲ. ತಣ್ಣಗಿರುವಾಗ ಹೆಚ್ಚು ಹೊತ್ತು ನಡೆದು, ತಕ್ಷಣ ಮತ್ತೆ ಎಬ್ಬಿಸಿದರೆ ಬೇಗ ಆರಬೇಕು. ಐದಕ್ಕೆ ಐದು ಸಲವೂ ನಾಲ್ಕು ದಾಟಿ ಐದರೊಳಗೆ ನಿಂತಿದೆ ಎಂದರೆ ಯಾವುದೋ ಒಂದು ಎಣಿಕೆ ನಡೆಯುತ್ತಿದೆ. ತಿರುಪುಳಿಯವರ ಪರೀಕ್ಷೆಯಿಂದ ಯಾವ ನಷ್ಟವೂ ಇಲ್ಲ, ಅದೇ ಮೊದಲು ಆಗಲಿ.

ಪುಟ್ಟಹಣತೆ:
ಕೆಪ್ಯಾಸಿಟರ್ ಉಬ್ಬಿದೆಯೇ ನೋಡಿ. ನಮ್ಮ ಹಳೆಯ ಯಂತ್ರ ಹೀಗೇ ಹೋಯಿತು, ತಲೆ ಉಬ್ಬಿ ಕಂದು ರಸ ಸೋರಿತ್ತು.

ಹಳೆಬೆಸುಗೆ:
ಅದು ಹೆಚ್ಚಾಗಿ 2000ದ ದಶಕದ ಮೊದಲ ಭಾಗದ ಬೋರ್ಡುಗಳ ಪಾಡು, ಆಗ ಕೆಟ್ಟ ದ್ರಾವಣ ತುಂಬಿದ ಕೆಪ್ಯಾಸಿಟರುಗಳು ಮಾರುಕಟ್ಟೆ ತುಂಬಾ ಹರಡಿದ್ದವು. ಎಂಟು ವರ್ಷ ಹಳೆಯ ಬೋರ್ಡಿನಲ್ಲಿ ಪ್ರೊಸೆಸರ್ ಸುತ್ತ ಸಾಮಾನ್ಯವಾಗಿ ಘನ ಪಾಲಿಮರ್ ಮಾದರಿಯವೇ ಇರುತ್ತವೆ. ಒಂದು ಸಲ ಕಣ್ಣು ಹಾಯಿಸುವುದರಲ್ಲಿ ತಪ್ಪಿಲ್ಲ.

ಎರಡುಪರದೆ:
ವಿಷಯ ಸ್ವಲ್ಪ ಬೇರೆ, ಆದರೂ ರಾತ್ರಿಪಾಳಿಯವರ ಮಾತು ಕೇಳಿ ಯಾರಾದರೂ ಎಸ್‌ಎಂಪಿಎಸ್ ಬದಲಿಸಲು ಹೊರಟಿದ್ದರೆ ದಯವಿಟ್ಟು ಇದನ್ನು ಓದಿ. ತಂತಿಗಳನ್ನು ಕಿತ್ತು ಹಾಕಲು ಬರುವ ಮಾಡ್ಯುಲರ್ ಎಸ್‌ಎಂಪಿಎಸ್ ನನ್ನದು. ಹಳೆಯದು ಕೆಟ್ಟಿತು, ಹೊಸದು ತಂದೆ. ಕ್ಯಾಬಿನೆಟ್ ಹಿಂಬದಿಯಲ್ಲಿ ಅಂದವಾಗಿ ಕಟ್ಟಿದ್ದ ಹಳೆಯ ತಂತಿಗಳನ್ನು ಬಿಚ್ಚಲು ಮನಸ್ಸಾಗದೆ ಹೊಸ ಪೆಟ್ಟಿಗೆಗೆ ಅವನ್ನೇ ಚುಚ್ಚಿದೆ. ಸರಿಯಾಗಿ ಕೂತವು. ಸ್ವಿಚ್ ಹಾಕಿದೊಡನೆ ಟಪ್ ಎಂದಿತು, ಸುಟ್ಟ ವಾಸನೆ ಬಂತು. ಎರಡು ಹಾರ್ಡ್ ಡಿಸ್ಕ್ ಒಟ್ಟಿಗೆ ಸತ್ತವು.

ಡಿಸ್ಕ್ ಕಡೆಯ ಕನೆಕ್ಟರ್ ಎಲ್ಲ ಕಡೆ ಒಂದೇ. ಪೆಟ್ಟಿಗೆಯ ಕಡೆ ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಎಂಬುದು ತಯಾರಕರಿಂದ ತಯಾರಕರಿಗೆ, ಒಮ್ಮೊಮ್ಮೆ ಒಂದೇ ತಯಾರಕರ ಮಾದರಿಯಿಂದ ಮಾದರಿಗೆ ಬೇರೆ. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿತ್ತು. ಮಗಳ ಮೊದಲ ಎರಡು ವರ್ಷದ ಚಿತ್ರಗಳೆಲ್ಲ ಆ ಡಿಸ್ಕಿನಲ್ಲಿದ್ದವು. ಈಗಲೂ ನೆನೆದರೆ ಸಂಕಟವಾಗುತ್ತದೆ. ಪೆಟ್ಟಿಗೆ ಬದಲಾದರೆ ತಂತಿಯೂ ಬದಲಾಗಬೇಕು, ಒಂದೂ ಉಳಿಯಬಾರದು.

ರಾತ್ರಿಪಾಳಿ:
ಇದು ನನಗೂ ಗೊತ್ತಿರಲಿಲ್ಲ. ಹೇಳಿದ್ದು ಒಳ್ಳೆಯದಾಯಿತು. ಇಲ್ಲಿ ನಾನು ಅವಸರದಲ್ಲಿ ಹೇಳಿದ್ದೂ ತಪ್ಪು.

ಹೊಸಬೋರ್ಡು:
ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನನ್ನದು ಇಂದೇ ಜೋಡಿಸಿದ ಯಂತ್ರ, ಡಿಡಿಆರ್5 ರ್‍ಯಾಮ್. ಎಲ್ಲ ಫ್ಯಾನ್ ತಿರುಗುತ್ತಿವೆ, ಆರುತ್ತಿಲ್ಲ, ಆದರೆ ಪರದೆ ಕಪ್ಪು. ಬೋರ್ಡಿನ ಮೇಲೆ "ಡಿರ್‍ಯಾಮ್" ಎಂಬ ಸಣ್ಣ ದೀಪ ಉರಿಯುತ್ತಿದೆ. ಒಂದು ನಿಮಿಷ ಕಾದು ಆರಿಸಿ ಮತ್ತೆ ಹಾಕಿದೆ, ಆರು ಸಲ ಹೀಗೇ ಮಾಡಿದೆ. ರ್‍ಯಾಮ್ ಸತ್ತಿದೆಯೇ?

ಮೂರನೆಯಸ್ಲಾಟ್:
ಆರಿಸುವುದನ್ನು ಮೊದಲು ನಿಲ್ಲಿಸಿ! ಡಿಡಿಆರ್5 ಬೋರ್ಡ್ ಮೊದಲ ಸಲ ಏಳುವಾಗ ರ್‍ಯಾಮಿನೊಡನೆ ಹೊಂದಿಕೊಳ್ಳಲು ಎಷ್ಟೋ ನಿಮಿಷ ತೆಗೆದುಕೊಳ್ಳಬಹುದು, ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುತ್ತದೆ. ಪ್ರತಿ ಸಲವೂ ನೀವು ಅದನ್ನು ಅರ್ಧದಲ್ಲೇ ಕಡಿಯುತ್ತಿದ್ದೀರಿ. ಒಮ್ಮೆ ಹಾಕಿ ಎದ್ದುಹೋಗಿ, ಹದಿನೈದು ನಿಮಿಷ ಬಿಟ್ಟು ನೋಡಿ.

ಅಷ್ಟರಲ್ಲೂ ಬರದಿದ್ದರೆ: ನಾಲ್ಕು ಸ್ಲಾಟ್ ಇದ್ದು ಎರಡು ಕಡ್ಡಿ ಇದ್ದರೆ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ನಿಮ್ಮ ಬೋರ್ಡಿನ ಕೈಪಿಡಿ ಏನು ಹೇಳುತ್ತದೆ ನೋಡಿ.

ಕಡಲಹಕ್ಕಿ:
ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ತಂತಿಯನ್ನು ಕಾರ್ಡಿಗೇ ಚುಚ್ಚಿದ್ದೀರಾ? ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ "ಎಫ್" ಇರುವ ಪ್ರೊಸೆಸರುಗಳಿಗೆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಬೋರ್ಡಿನ ಕಿಂಡಿಗೆ ಹಾಕಿದರೆ ಯುಗ ಕಳೆದರೂ ಚಿತ್ರ ಬಾರದು.

ನೀಲಿಶಾಯಿ:
ತಿರುಪುಳಿಯವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಎರಡು ತಂತಿಯ ಕನೆಕ್ಟರ್ ಕಿತ್ತೆ. ಗೋಡೆಯ ಸ್ವಿಚ್ ಹಾಕಿದೆ. ಸುಮ್ಮನಿತ್ತು, ತಾನಾಗಿ ಏಳಲಿಲ್ಲ. ಸ್ಕ್ರೂಡ್ರೈವರ್ ತುದಿ ತಾಗಿಸಿದೆ. ಫ್ಯಾನ್ ತಿರುಗಿತು. ನಾಲ್ಕು ಸೆಕೆಂಡ್ ಆಯಿತು, ಐದಾಯಿತು, ಹತ್ತಾಯಿತು, ನಿಲ್ಲಲಿಲ್ಲ! ಪರದೆಯ ಮೇಲೆ ಬೋರ್ಡಿನ ಲಾಂಛನ ಬಂತು.

ಆದರೆ ಸಂತೋಷ ಅರ್ಧವೇ. ವಿಂಡೋಸ್ ಲಾಂಛನ ಬಂದು, ಕೂಡಲೇ ನೀಲಿ ಪರದೆ, "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂದು. ಮೂರು ಸಲವೂ ಅದೇ. ಡಿಸ್ಕ್ ಹೋಯಿತೇ? ಕೈ ನಡುಗುತ್ತಿದೆ.

ಹಳೆಬೆಸುಗೆ:
ಗಾಬರಿಯಾಗಬೇಡಿ. ವಿಂಡೋಸ್ ಲಾಂಛನ ಬಂದಿದೆ ಎಂದರೆ ಡಿಸ್ಕಿನಿಂದ ಓದಿಯೇ ಬಂದಿದೆ. ಬ್ಯಾಟರಿ ತೆಗೆದಿರಲ್ಲ, ಅದರ ಫಲ ಇದು. ಬಯಾಸ್, ಅಂದರೆ ಯಂತ್ರವನ್ನು ಎಬ್ಬಿಸಲು ಬೋರ್ಡಿನಲ್ಲೇ ಇರುವ ತಂತ್ರಾಂಶ, ಅದರ ಆಯ್ಕೆಗಳೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳಿವೆ. ಜೋಡಿಸಿದವರು ಅಂದು ಬೋರ್ಡು ಡಿಸ್ಕಿನೊಡನೆ ಮಾತಾಡುವ ಬಗೆಯನ್ನು (ಸಾಟಾ ಮೋಡ್) ರೇಡ್ ಎಂದು ಇಟ್ಟು ವಿಂಡೋಸ್ ಹಾಕಿದ್ದರೆ, ಈಗ ಅದು ಎಎಚ್‌ಸಿಐ ಎಂಬ ಇನ್ನೊಂದು ಬಗೆಗೆ ಬಂದಿರುತ್ತದೆ, ಅಥವಾ ತಿರುಗಾಮುರುಗಾ. ವಿಂಡೋಸ್ ತನಗೆ ಗೊತ್ತಿದ್ದ ಬಾಗಿಲಲ್ಲಿ ಡಿಸ್ಕನ್ನು ಹುಡುಕಿ ಕಾಣದೆ ನಿಂತುಬಿಡುತ್ತದೆ. ಬಯಾಸ್ ಒಳಗೆ ಹೋಗಿ ಸಾಟಾ ಮೋಡ್ ಏನಿದೆ ನೋಡಿ, ಇನ್ನೊಂದಕ್ಕೆ ಬದಲಿಸಿ ಉಳಿಸಿ. ವಿಂಡೋಸ್ ಮರುಸ್ಥಾಪನೆಗೆ ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ.

ಕಡಲಹಕ್ಕಿಯವರೇ, ಬ್ಯಾಟರಿ ತೆಗೆಸುವುದು ನಿರಪಾಯ ಎಂದು ಎಲ್ಲರೂ ಹೇಳುತ್ತಾರೆ. ಯಂತ್ರಕ್ಕೆ ಅಪಾಯವಿಲ್ಲ, ನಿಜ. ಆದರೆ ಒಂದು ತೊಂದರೆಯನ್ನು ಹುಡುಕುತ್ತಿರುವಾಗ ಇನ್ನೊಂದನ್ನು ನಾವೇ ತಂದು ಕೂರಿಸಿದಂತಾಗುತ್ತದೆ.

ಕಡಲಹಕ್ಕಿ:
ಒಪ್ಪುತ್ತೇನೆ. ಇನ್ನು ಮುಂದೆ ಬಯಾಸ್ ಪರದೆಗಳ ಫೋಟೊ ಇಲ್ಲದೆ ಬ್ಯಾಟರಿ ಮುಟ್ಟಲು ಹೇಳುವುದಿಲ್ಲ. ಆದರೆ ಏಳದ ಯಂತ್ರದ ಬಯಾಸ್ ಫೋಟೊ ತೆಗೆಯುವುದಾದರೂ ಹೇಗೆ? ಅದಕ್ಕೇ ಯಂತ್ರ ಸರಿಯಿರುವಾಗಲೇ ತೆಗೆದಿಡಬೇಕು.

ಹೊಸಬೋರ್ಡು:
ಹನ್ನೊಂದನೆಯ ನಿಮಿಷಕ್ಕೆ ಪರದೆ ಬೆಳಗಿತು! ಒಂದು ಸಲ ತಾನಾಗಿ ಆರಿ ಎದ್ದಿತು, ಆಗ ಕೈ ಹೋಗದಂತೆ ತಡೆದುಕೊಂಡೆ. ಮೂರನೆಯಸ್ಲಾಟ್ ಅವರಿಗೆ ಅನಂತ ಧನ್ಯವಾದ.

ನೀಲಿಶಾಯಿ:
ಎಎಚ್‌ಸಿಐ ಎಂದಿತ್ತು. ರೇಡ್‌ಗೆ ಬದಲಿಸಿದೆ. ವಿಂಡೋಸ್ ಬಂತು. ಗಡಿಯಾರ ಯಾವುದೋ ಹಳೆಯ ವರ್ಷ ತೋರಿಸುತ್ತಿದೆ, ಅದನ್ನು ಆಮೇಲೆ ಸರಿಪಡಿಸುತ್ತೇನೆ. ಅಪ್ಪನ ದಿನಚರಿಯ ಫೋಲ್ಡರ್ ತೆರೆದೆ. ಮೊದಲ ಪುಟದ ಆ ವಾಲಿದ ಅಕ್ಷರಗಳು ಕಂಡಾಗ ಕಣ್ಣು ತುಂಬಿಬಂತು.

ಆ ಗುಂಡಿಯನ್ನೂ ಬಿಚ್ಚಿ ನೋಡಿದೆ. ಮುಂಭಾಗದ ಫಲಕವನ್ನು ಕಳಚಿದರೆ ಹಿಂದೆ ಬೆರಳುಗುರಿನಷ್ಟು ಸಣ್ಣ ಸ್ವಿಚ್, ಅದರ ಮುಂದೆ ನಾವು ಒತ್ತುವ ಪ್ಲಾಸ್ಟಿಕ್ ತುಂಡು. ತುಂಡನ್ನು ಹಿಂದಕ್ಕೆ ತಳ್ಳಬೇಕಾದ ತೆಳು ನಾಲಿಗೆಯಲ್ಲಿ ಕೂದಲೆಳೆಯಂಥ ಬಿರುಕು ಬಿದ್ದಿದೆ. ಒತ್ತಿದರೆ ಓರೆಯಾಗಿ ಅಂಚಿಗೆ ಕಚ್ಚಿಕೊಳ್ಳುತ್ತದೆ, ಹೊರಗಿನಿಂದ ನೋಡಿದರೆ ಒಂದು ಕೂದಲಿನಷ್ಟು ಒಳಗಿದ್ದಂತೆ ಕಾಣುತ್ತದೆ, ಅಷ್ಟೇ. ಹೋದ ವಾರ ಎರಡು ಸಲ ತಾನಾಗಿ ಬಿಟ್ಟುಕೊಂಡಿತ್ತು, ಈ ವಾರ ಬಿಡಲಿಲ್ಲ. ಈಗ ಪ್ರತಿ ಸಲ ಸ್ಕ್ರೂಡ್ರೈವರಿನಿಂದ ಎಬ್ಬಿಸಬೇಕೇ?

ತಿರುಪುಳಿ:
ಬೇಡ. ನಿಮ್ಮ ಕ್ಯಾಬಿನೆಟ್ಟಿನಲ್ಲಿ ರೀಸೆಟ್ ಗುಂಡಿ ಇದೆಯೇ? ಇದ್ದರೆ ಅದರ ಎರಡು ತಂತಿಯ ಕನೆಕ್ಟರನ್ನು ರೀಸೆಟ್ ಪಿನ್ನಿನಿಂದ ಕಿತ್ತು ಪವರ್ ಪಿನ್ನುಗಳಿಗೆ ಚುಚ್ಚಿ. ಎರಡೂ ಒಂದೇ ಬಗೆಯ ಸ್ವಿಚ್, ಒತ್ತಿದಾಗ ಎರಡು ತಂತಿ ಸೇರುತ್ತವೆ, ಬಿಟ್ಟಾಗ ಬೇರೆಯಾಗುತ್ತವೆ. ಸ್ವಿಚ್ಚಿಗೆ ಹಿಂದುಮುಂದು ಎಂಬುದಿಲ್ಲ, ಯಾವ ಕಡೆ ತಿರುಗಿಸಿ ಚುಚ್ಚಿದರೂ ನಡೆಯುತ್ತದೆ. ದೀಪದ ತಂತಿಗೆ ಮಾತ್ರ ಧನ, ಋಣ ನೋಡಬೇಕು. ಇನ್ನು ಮುಂದೆ ರೀಸೆಟ್ ಗುಂಡಿಯೇ ನಿಮ್ಮ ಪವರ್ ಗುಂಡಿ.

ಪುಟ್ಟಹಣತೆ:
ರೀಸೆಟ್ ಗುಂಡಿ ಸಿಕ್ಕಿಕೊಂಡರೆ ಏನಾಗುತ್ತದೆ?

ತಿರುಪುಳಿ:
ಅದು ತನ್ನ ಸ್ವಂತ ಪಿನ್ನಿನಲ್ಲಿದ್ದಾಗ ಸಿಕ್ಕಿಕೊಂಡರೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ, ಪ್ರೊಸೆಸರ್ ಮೊದಲ ಹೆಜ್ಜೆಯನ್ನೇ ಇಡುವುದಿಲ್ಲ. ಅಂಥ ಯಂತ್ರಗಳನ್ನೂ ಬೋರ್ಡ್ ಸತ್ತಿದೆ ಎಂದೇ ಮೂಲೆಗೆ ಹಾಕಿದವರಿದ್ದಾರೆ. ಅದಕ್ಕೇ ನಾನು ಏಳದ ಯಾವ ಯಂತ್ರ ಬಂದರೂ ಮುಂಭಾಗದ ತಂತಿಗಳನ್ನೆಲ್ಲ ಕಿತ್ತಿಟ್ಟು ಸ್ಕ್ರೂಡ್ರೈವರಿನಿಂದಲೇ ಮೊದಲು ಎಬ್ಬಿಸುವುದು.

ಎರಡುಪರದೆ:
ನೀಲಿಶಾಯಿಯವರೇ, ಉಳಿದದ್ದೆಲ್ಲ ಆಮೇಲೆ. ಆ ಫೋಲ್ಡರ್ ಇನ್ನೂ ಒಂದೇ ಡಿಸ್ಕಿನಲ್ಲಿದೆಯೇ?

ನೀಲಿಶಾಯಿ:
ಇಲ್ಲ. ಹೊರಗಿನ ಡಿಸ್ಕ್ ಎರವಲು ತಂದು ಜೋಡಿಸಿದ್ದೇನೆ, ನಕಲಾಗುತ್ತಿದೆ. ಈಗ ಶೇಕಡಾ 61. ತಂಗಿಯ ಲ್ಯಾಪ್‌ಟಾಪಿಗೂ ಒಂದು ಪ್ರತಿ ಹೋಗುತ್ತದೆ. ಮುಗಿಯುವವರೆಗೆ ಕ್ಯಾಬಿನೆಟ್ ಬಾಗಿಲು ತೆರೆದೇ ಇರಲಿ. ರೀಸೆಟ್ ತಂತಿಯ ಕೆಲಸ ನಾಳೆ.